ಬಂಗಾಳ ಕೊಲ್ಲಿಯ ತಳದಲ್ಲಿ ಹಿಮಾಲಯದ ಚರಿತ್ರೆ

ಹಿಮಾಲಯ ಯಾವಾಗ ಎದ್ದಿತು, ಎಷ್ಟು ವೇಗವಾಗಿ ಎದ್ದಿತು ಎಂಬ ಪ್ರಶ್ನೆಗಳಿಗೆ ಉತ್ತರ ಬೇಕಾದವರು ಹಿಮಾಲಯಕ್ಕೇ ಹೋಗಬೇಕೆಂದು ತೋರುವುದು ಸಹಜ. ಆದರೆ 2015ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಇದೇ ಪ್ರಶ್ನೆಗಳನ್ನು ಹೊತ್ತ ಅಂತಾರಾಷ್ಟ್ರೀಯ ವಿಜ್ಞಾನಿಗಳ ತಂಡವೊಂದು ಪರ್ವತದಿಂದ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಶ್ರೀಲಂಕಾದ ಪೂರ್ವಕ್ಕಿರುವ ನಡುಗಡಲಿನಲ್ಲಿ ಬೀಡುಬಿಟ್ಟಿತ್ತು. ‘ಜಾಯ್ಡಿಸ್ ರೆಸಲ್ಯೂಷನ್’ ಎಂಬ ಕೊರೆಯುವ ಹಡಗಿನಿಂದ ಮೂರೂವರೆ ಕಿಲೋಮೀಟರಿಗೂ ಹೆಚ್ಚು ಆಳದ ನೀರಿನ ಮೂಲಕ ಉಕ್ಕಿನ ಕೊಳವೆಗಳನ್ನು ಇಳಿಸಿ, ಸಾಗರತಳದ ಹೂಳನ್ನು ಕಂಬದಾಕಾರದ ತುಂಡುಗಳಾಗಿ ಮೇಲೆತ್ತುವುದು ಆ ತಂಡದ ಕೆಲಸವಾಗಿತ್ತು. ಫ್ರಾನ್ಸಿನ ಕ್ರಿಸ್ತಿಯಾನ್ ಫ್ರಾನ್ಸ್-ಲನೋರ್ ಮತ್ತು ಜರ್ಮನಿಯ ಫೋಲ್ಕ್‌ಹಾರ್ಡ್ ಸ್ಪೀಸ್ ಅದರ ಮುಖ್ಯಸ್ಥರಾಗಿದ್ದರು.

ಪರ್ವತವನ್ನು ಬಿಟ್ಟು ಕಡಲಿನ ತಳವನ್ನು ಕೆದಕುವುದಕ್ಕೆ ಬಲವಾದ ಕಾರಣವಿದೆ. ಪರ್ವತವು ಏಳುತ್ತಿರುವಾಗಲೇ ಸವೆಯುತ್ತಲೂ ಇರುತ್ತದೆ. ಇಂದು ಶಿಖರಗಳಲ್ಲಿ ಕಾಣುವ ಬಂಡೆಯ ಮೇಲೆ ಒಂದು ಕಾಲಕ್ಕೆ ಹಲವು ಕಿಲೋಮೀಟರ್ ದಪ್ಪದ ಶಿಲೆ ಇತ್ತು. ಮಳೆ, ಹಿಮನದಿ, ಭೂಕುಸಿತಗಳು ಅದನ್ನು ಪುಡಿಮಾಡಿ ನದಿಗಳಿಗೆ ಒಪ್ಪಿಸಿದವು. ಹೀಗೆ ಪರ್ವತದ ಆದಿಕಾಲದ ಸಾಕ್ಷ್ಯ ಪರ್ವತದಲ್ಲಿ ಉಳಿದಿಲ್ಲ. ಗಂಗಾ ಮತ್ತು ಬ್ರಹ್ಮಪುತ್ರಾ ನದಿಗಳು ಅದನ್ನು ಹೊತ್ತು ತಂದು ತಮ್ಮ ಮುಖಜಭೂಮಿಯಲ್ಲಿಯೂ ಅದರಾಚೆಯ ಸಾಗರತಳದಲ್ಲಿಯೂ ಪದರಪದರವಾಗಿ ಹರಡಿವೆ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಕ್ರಮವಾಗಿ ಓದಬಲ್ಲವರಿಗೆ ಅದೊಂದು ದಫ್ತರ.

ಸವೆದದ್ದು ಎಲ್ಲಿಗೆ ಹೋಯಿತು?

ಭಾರತದ ಭೂಫಲಕವು ಉತ್ತರಾಭಿಮುಖವಾಗಿ ಚಲಿಸಿ ಏಷ್ಯಾ ಭೂಫಲಕಕ್ಕೆ ಢಿಕ್ಕಿ ಹೊಡೆದದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ ಎಂಬುದು ಬಹುಮಂದಿ ಭೂವಿಜ್ಞಾನಿಗಳ ಅಭಿಪ್ರಾಯ. ಆ ಒತ್ತಡ ಇನ್ನೂ ನಿಂತಿಲ್ಲ. ಇಂದಿಗೂ ವರ್ಷಕ್ಕೆ ಕೆಲವು ಸೆಂಟಿಮೀಟರುಗಳಷ್ಟು ಭಾರತ ಉತ್ತರಕ್ಕೆ ಸರಿಯುತ್ತಿದೆ. ಎದ್ದ ಶಿಲೆ ಸವೆದಂತೆ ನದಿಗಳ ಹೊರೆ ಹೆಚ್ಚಿತು. ಗಂಗಾ-ಬ್ರಹ್ಮಪುತ್ರಾ ಜೋಡಿ ವರ್ಷಕ್ಕೆ ಸುಮಾರು 100 ಕೋಟಿ ಟನ್ ಹೂಳನ್ನು ಹೊತ್ತು ತರುತ್ತದೆಂದು ಅಂದಾಜಿಸಲಾಗಿದೆ. ಜಗತ್ತಿನ ಯಾವ ನದೀವ್ಯವಸ್ಥೆಯೂ ಇದಕ್ಕೆ ಸುಲಭವಾಗಿ ಸರಿಸಾಟಿಯಾಗಲಾರದು.

ಈ ಹೂಳು ಸ್ಥೂಲವಾಗಿ ಮೂರು ಪಾಲಾಗುತ್ತದೆ. ಒಂದು ಪಾಲು ಬಾಂಗ್ಲಾದೇಶ ಮತ್ತು ಪಶ್ಚಿಮ ಬಂಗಾಳದ ಬಯಲಿನಲ್ಲಿ ಪ್ರವಾಹದ ಜೊತೆ ಹರಡಿಕೊಳ್ಳುತ್ತದೆ. ಇನ್ನೊಂದು ಪಾಲು ಕರಾವಳಿಯಾಚೆ, ಆಳವಿಲ್ಲದ ಕಡಲಿನಲ್ಲಿ ಮುಳುಗಿರುವ ಮುಖಜಭೂಮಿಯನ್ನು ಬೆಳೆಸುತ್ತದೆ. ಮೂರನೆಯದು ‘ಸ್ವಾಚ್ ಆಫ್ ನೋ ಗ್ರೌಂಡ್’ ಎಂದು ನಾವಿಕರು ಕರೆದ, ಕಡಲಡಿಯ ಆಳವಾದ ಕಣಿವೆಗೆ ಸರಿಯುತ್ತದೆ. ಅಲ್ಲಿ ಶೇಖರವಾದ ಕೆಸರು ಆಗಾಗ ಕುಸಿದು, ನೀರಿನೊಡನೆ ಬೆರೆತ ಭಾರವಾದ ಪ್ರವಾಹವಾಗಿ ಇಳಿಜಾರಿನಲ್ಲಿ ದಕ್ಷಿಣಕ್ಕೆ ಧಾವಿಸುತ್ತದೆ. ಪ್ರವಾಹದ ವೇಗ ತಗ್ಗಿದಂತೆ ಮೊದಲು ಮರಳು, ಅನಂತರ ಸಣ್ಣ ಹೂಳು, ಕೊನೆಗೆ ಜೇಡಿಮಣ್ಣು ತಳ ಸೇರುತ್ತವೆ. ಲಕ್ಷಾಂತರ ಇಂಥ ಪ್ರವಾಹಗಳಿಂದ ಬಂಗಾಳ ಕೊಲ್ಲಿಯ ತಳದಲ್ಲಿ ಬೀಸಣಿಗೆಯಾಕಾರದ ಹೂಳಿನ ರಾಶಿ ನಿರ್ಮಾಣವಾಗಿದೆ. ‘ಬಂಗಾಳ ಬೀಸಣಿಗೆ’ ಎಂದೇ ಹೆಸರಾದ ಈ ರಾಶಿಯ ಉದ್ದ ಸುಮಾರು 3000 ಕಿಲೋಮೀಟರ್. ಅದರ ದಕ್ಷಿಣದ ಅಂಚು ಸಮಭಾಜಕವೃತ್ತವನ್ನೂ ದಾಟಿದೆ. ಉತ್ತರದಲ್ಲಿ, ಮುಖಜಭೂಮಿಯ ಸಮೀಪದಲ್ಲಿ, ಹೂಳಿನ ದಪ್ಪ 16 ಕಿಲೋಮೀಟರುಗಳನ್ನು ಮೀರುತ್ತದೆಂದು ಭೂಕಂಪನ ಅಲೆಗಳ ಸಮೀಕ್ಷೆಗಳು ಸೂಚಿಸಿವೆ. ಎವರೆಸ್ಟ್ ಶಿಖರದ ಎತ್ತರದ ಸುಮಾರು ಇಮ್ಮಡಿ ಎಂದರೆ ಇದರ ಅಗಾಧತೆ ಅರಿವಾದೀತು.

ಮಣ್ಣನ್ನು ಮರಳಿ ಪೇರಿಸುವ ಲೆಕ್ಕ

ಈ ರಾಶಿಯನ್ನು ಪರ್ವತದ ಚರಿತ್ರೆಯೊಡನೆ ಜೋಡಿಸಿದವರಲ್ಲಿ ಅಮೆರಿಕದ ಜೋಸೆಫ್ ಕರ್ರೇ ಮತ್ತು ಡೇವಿಡ್ ಮೂರ್ ಪ್ರಮುಖರು. 1971ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಬೀಸಣಿಗೆಯ ಬೆಳವಣಿಗೆಯನ್ನು ಹಿಮಾಲಯದ ಸವೆತದೊಡನೆ ಸಮೀಕರಿಸಿದರು. ಇದರ ಹಿಂದಿನ ಆಲೋಚನೆ ಸರಳ. ಕಡಲಿನಲ್ಲಿ ಬಿದ್ದಿರುವ ಹೂಳಿನ ಒಟ್ಟು ಗಾತ್ರವನ್ನು ಅಳೆದು, ಅದನ್ನು ನದಿಗಳ ಜಲಾನಯನ ಪ್ರದೇಶದ ಮೇಲೆ ಮರಳಿ ಪೇರಿಸಿದರೆ, ಎಷ್ಟು ಎತ್ತರದ ಶಿಲೆ ಸವೆದುಹೋಗಿದೆ ಎಂಬುದು ತಿಳಿಯುತ್ತದೆ. ಪದರಗಳ ವಯಸ್ಸು ಗೊತ್ತಾದರೆ ಸವೆತದ ವೇಗವೂ ದೊರೆಯುತ್ತದೆ.

ಇಷ್ಟೊಂದು ಶಿಲೆ ಸವೆದ ಮೇಲೂ ಪರ್ವತ ಏಕೆ ಎತ್ತರವಾಗಿಯೇ ಉಳಿದಿದೆ ಎಂಬ ಸಂದೇಹ ಇಲ್ಲಿ ಮೂಡುವುದು ಸಹಜ. ಭೂಫಲಕಗಳ ಒತ್ತಡ ಒಂದು ಕಾರಣವಾದರೆ, ತೂಕದ ಸಮತೋಲ ಇನ್ನೊಂದು. ಹರಿಗೋಲಿನಿಂದ ಹೊರೆಯನ್ನು ಇಳಿಸಿದರೆ ಅದು ನೀರಿನಲ್ಲಿ ತುಸು ಮೇಲೇಳುವಂತೆ, ಮೇಲಿನ ಶಿಲೆಯ ಭಾರ ಕಳೆದಂತೆಲ್ಲ ಪರ್ವತದ ಆಳವಾದ ಬೇರು ಮೇಲೇಳುತ್ತದೆ. ಇಳಿಸಿದ ಹೊರೆ ಬಿದ್ದ ಕಡೆ ಇದಕ್ಕೆ ತದ್ವಿರುದ್ಧ. ಹೂಳಿನ ಭಾರಕ್ಕೆ ಮುಖಜಭೂಮಿಯ ತಳ ಕುಸಿಯುತ್ತಾ ಹೋಗಿ ಮತ್ತಷ್ಟು ಹೂಳಿಗೆ ಎಡೆಮಾಡಿಕೊಡುತ್ತದೆ. ಹದಿನಾರು ಕಿಲೋಮೀಟರ್ ಹೂಳು ಒಂದೆಡೆ ಹಿಡಿಸಿರುವ ಗುಟ್ಟು ಬಹುಮಟ್ಟಿಗೆ ಇದೇ.

ಆದರೆ ಗಾತ್ರದ ಲೆಕ್ಕಾಚಾರಕ್ಕೆ ಒಂದು ತೊಡಕಿದೆ. ಕಡಲಡಿಯ ಕೆಸರಿನ ಪ್ರವಾಹಗಳು ಒಂದೇ ಕಾಲುವೆಯಲ್ಲಿ ಸದಾ ಹರಿಯುವುದಿಲ್ಲ. ಕಾಲುವೆ ಹೂಳಿನಿಂದ ಎತ್ತರವಾದಾಗ ಪ್ರವಾಹ ದಂಡೆಯೊಡೆದು ಬೇರೆ ದಾರಿ ಹಿಡಿಯುತ್ತದೆ. ಆಗ ಹಳೆಯ ಜಾಗದಲ್ಲಿ ದೀರ್ಘಕಾಲ ಹೂಳು ಬೀಳುವುದೇ ಇಲ್ಲ. ಒಂದೇ ಕಡೆ ಕೊರೆದರೆ, ಪ್ರವಾಹ ಪಕ್ಕಕ್ಕೆ ಸರಿದದ್ದನ್ನು ಪರ್ವತವೇ ಸವೆಯುವುದನ್ನು ನಿಲ್ಲಿಸಿತೆಂದು ತಪ್ಪಾಗಿ ಓದುವ ಅಪಾಯವುಂಟು. ಆದುದರಿಂದಲೇ 2015ರ ತಂಡವು 8 ಡಿಗ್ರಿ ಉತ್ತರ ಅಕ್ಷಾಂಶದ ಉದ್ದಕ್ಕೂ, ಪೂರ್ವ-ಪಶ್ಚಿಮವಾಗಿ ಸುಮಾರು 320 ಕಿಲೋಮೀಟರ್ ಅಂತರದಲ್ಲಿ ಏಳು ಕಡೆ ಕೊರೆಯಿತು. ಒಂದು ಕಡೆ ಕೊರೆತ ಸಾಗರತಳದಿಂದ ಒಂದು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಇದಕ್ಕೆ ಮೊದಲು, 1987ರಲ್ಲಿ, ಸಮಭಾಜಕವೃತ್ತದ ಬಳಿ ನಡೆದ ಕೊರೆತದಲ್ಲಿ ಸುಮಾರು 1.7 ಕೋಟಿ ವರ್ಷ ಹಳೆಯ ಹಿಮಾಲಯದ ಹೂಳು ದೊರೆತಿತ್ತು.

ಕಣದೊಳಗಿನ ಗಡಿಯಾರ

ಮರಳಿನ ಕಣವೊಂದು ತಾನು ಯಾವ ಬೆಟ್ಟದಿಂದ ಬಂದೆನೆಂದು ಹೇಳಬಲ್ಲುದೆ? ಜಿರ್ಕಾನ್ ಎಂಬ ಖನಿಜ ಹೇಳಬಲ್ಲುದು. ಕರಗಿದ ಶಿಲೆ ಗಟ್ಟಿಯಾಗುವಾಗ ರೂಪುಗೊಳ್ಳುವ ಈ ಸಣ್ಣ ಹರಳು ಬಹು ಗಟ್ಟಿ. ಸಾವಿರಾರು ಕಿಲೋಮೀಟರ್ ನದಿಯಲ್ಲಿ ಉರುಳಿದರೂ ಸುಲಭವಾಗಿ ನಾಶವಾಗದು. ಹುಟ್ಟುವಾಗಲೇ ಅದು ಅತ್ಯಲ್ಪ ಪ್ರಮಾಣದ ಯುರೇನಿಯಮ್ಮನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಯುರೇನಿಯಂ ನಿಯತವಾದ ವೇಗದಲ್ಲಿ ಸೀಸವಾಗಿ ಬದಲಾಗುವುದರಿಂದ, ಎರಡರ ಪ್ರಮಾಣವನ್ನು ಅಳೆದು ಹರಳಿನ ವಯಸ್ಸನ್ನು ನಿರ್ಧರಿಸಬಹುದು.

ಹಿಮಾಲಯದ ಬೇರೆ ಬೇರೆ ಪಟ್ಟಿಗಳ ಜಿರ್ಕಾನ್‌ಗಳಿಗೆ ಬೇರೆ ಬೇರೆ ವಯಸ್ಸಿದೆ. ಕೆಳ ಹಿಮಾಲಯದ ಶಿಲೆಗಳಲ್ಲಿ ಸುಮಾರು 180 ಕೋಟಿ ವರ್ಷದ ಕಣಗಳು ಹೇರಳ. ಉನ್ನತ ಹಿಮಾಲಯದ ಶಿಲೆಗಳಲ್ಲಿ 50 ಕೋಟಿಯಿಂದ 100 ಕೋಟಿ ವರ್ಷದವು ಹೆಚ್ಚು. ಹಿಮಾಲಯದ ಉತ್ತರಕ್ಕೆ, ಟಿಬೆಟ್ಟಿನ ಅಂಚಿನಲ್ಲಿರುವ ಗ್ರಾನೈಟ್ ಶ್ರೇಣಿಯ ಕಣಗಳಾದರೋ ಕೇವಲ 5ರಿಂದ 10 ಕೋಟಿ ವರ್ಷದವು. ಮಹಾಬಲೇಶ್ವರದಲ್ಲಿ ಹುಟ್ಟಿ ಉತ್ತರ ಕರ್ನಾಟಕವನ್ನು ಹಾಯ್ದು ಇದೇ ಬಂಗಾಳ ಕೊಲ್ಲಿಯನ್ನು ಸೇರುವ ಕೃಷ್ಣೆಯ ಹೂಳಿನ ಗುರುತು ಇವೆಲ್ಲಕ್ಕಿಂತ ಭಿನ್ನ. ಅದರಲ್ಲಿ ದಖನ್ನಿನ ಕಪ್ಪು ಬಸಾಲ್ಟ್ ಶಿಲೆಯ ಅಂಶವಿದೆ, ಧಾರವಾಡ ಶಿಲಾಸಮೂಹದ 250 ಕೋಟಿ ವರ್ಷಗಳಿಗೂ ಹಳೆಯ ಕಣಗಳಿವೆ. ಹೀಗಾಗಿ ಒಂದು ಹಿಡಿ ಮರಳಿನಲ್ಲಿ ಯಾವ ಯಾವ ಸೀಮೆಯ ಪಾಲೆಷ್ಟು ಎಂದು ಲೆಕ್ಕಹಾಕಲು ಸಾಧ್ಯ.

ಜಿರ್ಕಾನ್ ಮೂಲವನ್ನು ತಿಳಿಸಿದರೆ, ಅಭ್ರಕ ವೇಗವನ್ನು ತಿಳಿಸುತ್ತದೆ. ಆಳದಲ್ಲಿ ಬಿಸಿಯಾಗಿರುವ ಅಭ್ರಕದಿಂದ ಆರ್ಗಾನ್ ಅನಿಲ ಸೋರಿಹೋಗುತ್ತಿರುತ್ತದೆ. ಶಿಲೆ ಮೇಲೇರಿ ಸುಮಾರು 400 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದಾಗ ಸೋರಿಕೆ ನಿಂತು, ಆರ್ಗಾನ್ ಒಳಗೇ ಶೇಖರವಾಗತೊಡಗುತ್ತದೆ. ಗಡಿಯಾರ ಚಾಲನೆಗೊಳ್ಳುವುದು ಆ ಕ್ಷಣದಲ್ಲಿ. ಅಪಟೈಟ್ ಎಂಬ ಇನ್ನೊಂದು ಖನಿಜದ ಗಡಿಯಾರ ಸುಮಾರು 110 ಡಿಗ್ರಿಯಲ್ಲಿ, ಅಂದರೆ ಶಿಲೆ ನೆಲದ ಮೇಲ್ಮೈಗೆ ಇನ್ನಷ್ಟು ಸಮೀಪಿಸಿದಾಗ, ಆರಂಭವಾಗುತ್ತದೆ. ಕಣ ತಣ್ಣಗಾದ ಕಾಲ ಮತ್ತು ಅದು ಕಡಲಿನಲ್ಲಿ ಹೂಳಾಗಿ ಬಿದ್ದ ಕಾಲ, ಇವೆರಡರ ನಡುವಿನ ಅಂತರವೇ ಇಲ್ಲಿ ಮುಖ್ಯ. ಅಂತರ ಎರಡು ಕೋಟಿ ವರ್ಷವಾದರೆ ಶಿಲೆ ನಿಧಾನವಾಗಿ ಮೇಲೆ ಬಂದಿದೆ ಎಂದರ್ಥ. ಹತ್ತಿಪ್ಪತ್ತು ಲಕ್ಷ ವರ್ಷ ಮಾತ್ರವಾದರೆ ಭೂವೈಜ್ಞಾನಿಕ ಮಾನದಲ್ಲಿ ಅದು ನಾಗಾಲೋಟ.

1987ರ ಕೊರೆತದಲ್ಲಿ ದೊರೆತ ಅಭ್ರಕ ಮತ್ತು ಫೆಲ್ಡ್‌ಸ್ಪಾರ್ ಕಣಗಳನ್ನು ಪೀಟರ್ ಕೋಪ್‌ಲ್ಯಾಂಡ್ ಮತ್ತು ಮಾರ್ಕ್ ಹ್ಯಾರಿಸನ್ ಪರೀಕ್ಷಿಸಿ 1990ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪ್ರತಿಯೊಂದು ಕಾಲದ ಪದರದಲ್ಲಿಯೂ, ತಣ್ಣಗಾದ ಕೂಡಲೇ ಎಂಬಂತೆ ಕಡಲು ಸೇರಿದ ಕೆಲವು ಕಣಗಳು ಕಂಡುಬಂದವು. ಕಳೆದ 1.7 ಕೋಟಿ ವರ್ಷಗಳ ಯಾವುದೇ ಘಟ್ಟದಲ್ಲಿ ಹಿಮಾಲಯದ ಒಂದಲ್ಲ ಒಂದು ಭಾಗ ರಭಸದಿಂದ ಏಳುತ್ತಾ ಸವೆಯುತ್ತಾ ಇತ್ತೆಂಬುದು ಇದರಿಂದ ಸ್ಪಷ್ಟವಾಯಿತು. ಹಿಮಾಲಯದ ಉನ್ನತಿ ಇತ್ತೀಚಿನ ಕೆಲವೇ ಲಕ್ಷ ವರ್ಷಗಳ ಘಟನೆಯೆಂಬ ವಾದಕ್ಕೆ ಇದು ಪ್ರಬಲವಾದ ಪ್ರತಿಸಾಕ್ಷ್ಯವಾಯಿತು.

ಬ್ರಹ್ಮಪುತ್ರೆ ತಿರುಗಿದ ಕಾಲ

ಪರ್ವತದ ಏಳುವಿಕೆಯೊಡನೆ ನದಿಯ ದಾರಿಯೂ ಹೆಣೆದುಕೊಂಡಿದೆ. ಟಿಬೆಟ್ಟಿನಲ್ಲಿ ಯಾರ್ಲುಂಗ್ ತ್ಸಾಂಗ್ಪೋ ಎಂಬ ಹೆಸರಿನಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಪೂರ್ವಕ್ಕೆ ಹರಿಯುವ ನದಿ, 7,782 ಮೀಟರ್ ಎತ್ತರದ ನಾಮ್ಚಾ ಬರ್ವಾ ಶಿಖರವನ್ನು ಸುತ್ತುಹಾಕಿ, ಆಳವಾದ ಕಮರಿಯ ಮೂಲಕ ದಕ್ಷಿಣಕ್ಕೆ ತಿರುಗಿ ಅರುಣಾಚಲ ಪ್ರದೇಶದಲ್ಲಿ ಸಿಯಾಂಗ್ ಆಗುತ್ತದೆ. ಮುಂದೆ ಅದೇ ಬ್ರಹ್ಮಪುತ್ರಾ. ಟಿಬೆಟ್ಟಿನ ನದಿಯೂ ಅಸ್ಸಾಮಿನ ನದಿಯೂ ಒಂದಾದದ್ದು ಯಾವಾಗ?

ಇದಕ್ಕೆ ಉತ್ತರ ದೊರೆತದ್ದು ಬಾಂಗ್ಲಾದೇಶದ ಸಿಲ್ಹೆಟ್ ಭಾಗದ ಸುರ್ಮಾ ಜಲಾನಯನದಲ್ಲಿ ಸಿಗುವ ಪುರಾತನ ನದಿಹೂಳಿನ ಪದರಗಳಲ್ಲಿ. ಲಾರಾ ಬ್ರಾಚ್ಚಾಲಿ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮಾರು 1.8 ಕೋಟಿ ವರ್ಷಗಳ ಹಿಂದಿನ ಪದರಗಳಿಂದ ಟಿಬೆಟ್ ಅಂಚಿನ ಗ್ರಾನೈಟ್ ಶ್ರೇಣಿಯ ಎಳೆಯ ಕಣಗಳು ಕಾಣಿಸಿಕೊಳ್ಳತೊಡಗುತ್ತವೆ. ಹಿಮಾಲಯದ ಉತ್ತರಕ್ಕಿರುವ ಆ ಕಣಗಳು ದಕ್ಷಿಣದ ಬಯಲಿಗೆ ಬರಬೇಕಾದರೆ ಪರ್ವತವನ್ನು ಸೀಳಿದ ನದಿ ಬೇಕು. ಅಂದರೆ ಅಷ್ಟು ಹಿಂದೆಯೇ ಎರಡು ನದಿಗಳು ಕೂಡಿದ್ದವು. ನಾಮ್ಚಾ ಬರ್ವಾ ಪ್ರದೇಶದ ಅತಿವೇಗದ ಏಳುವಿಕೆಯಾದರೋ ಬಹಳ ತಡವಾಗಿ, ಕೆಲವು ದಶಲಕ್ಷ ವರ್ಷಗಳ ಹಿಂದೆಯಷ್ಟೆ ಆರಂಭವಾದುದೆಂದು ಅದೇ ಹೂಳಿನ ಖನಿಜಗಳು ಸೂಚಿಸುತ್ತವೆ. ನದಿ ಕೂಡಿದೊಡನೆ ಕಮರಿ ಕೊರೆದು ಪರ್ವತ ಎದ್ದಿತೆಂಬ ಸುಲಭ ವಿವರಣೆ ಇದರಿಂದ ಸಡಿಲವಾಯಿತು.

ಮಳೆಯೋ, ಭೂಚಲನೆಯೋ?

ಹೂಳಿನ ಸಾಕ್ಷ್ಯದ ಸುತ್ತ ನಡೆದಿರುವ ವಾದಗಳಲ್ಲಿ ಬಹು ಮುಖ್ಯವಾದುದು ಇದು. ಪರ್ವತದ ಸವೆತವನ್ನು ನಿಯಂತ್ರಿಸುವುದು ಹವಾಮಾನವೋ, ಭೂಫಲಕಗಳ ಒತ್ತಡವೋ? ಪೀಚೆನ್ ಜಾಂಗ್, ಪೀಟರ್ ಮೋಲ್ನಾರ್ ಮತ್ತು ವಿಲಿಯಂ ಡೌನ್ಸ್ 2001ರಲ್ಲಿ ಮಂಡಿಸಿದ ವಾದದಂತೆ, ಕಳೆದ 20ರಿಂದ 40 ಲಕ್ಷ ವರ್ಷಗಳಲ್ಲಿ ಜಗತ್ತಿನ ಅನೇಕ ಕಡೆ ಹೂಳು ಬೀಳುವ ವೇಗವೂ ಕಣಗಳ ಗಾತ್ರವೂ ಹೆಚ್ಚಿವೆ. ಹಿಮಯುಗಗಳ ಆಗಮನದೊಡನೆ ಹವಾಮಾನ ಪದೇ ಪದೇ ಏರುಪೇರಾದುದೇ ಇದಕ್ಕೆ ಕಾರಣವೆಂದು ಅವರು ವಿವರಿಸಿದರು.

ಈ ವಾದವನ್ನು ಬಂಗಾಳ ಬೀಸಣಿಗೆಯಲ್ಲಿ ಪರೀಕ್ಷಿಸಲು ಬೇರೆಯೇ ಅಳತೆಗೋಲನ್ನು ಬಳಸಲಾಯಿತು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ನೆಲದ ಮೇಲ್ಮೈಯಲ್ಲಿರುವ ಸ್ಫಟಿಕಶಿಲೆಯಲ್ಲಿ ಬೆರಿಲಿಯಂ-10 ಎಂಬ ವಿಕಿರಣಶೀಲ ಪರಮಾಣುಗಳನ್ನು ಉಂಟುಮಾಡುತ್ತವೆ. ನಿಧಾನವಾಗಿ ಸವೆಯುವ ನೆಲದ ಕಣ ಬಹುಕಾಲ ಕಿರಣಗಳಿಗೆ ಒಡ್ಡಿಕೊಂಡು ಹೆಚ್ಚು ಬೆರಿಲಿಯಂ-10 ಗಳಿಸುತ್ತದೆ. ವೇಗವಾಗಿ ಸವೆಯುವ ನೆಲದ ಕಣದಲ್ಲಿ ಅದು ಕಡಿಮೆ. ಹೂಳಿನ ಒಟ್ಟು ಗಾತ್ರವನ್ನು ಅಳೆಯುವ ಅಗತ್ಯವೇ ಇಲ್ಲದಿರುವುದು ಈ ವಿಧಾನದ ಹೆಚ್ಚುಗಾರಿಕೆ. ಸೆಬಾಸ್ಟಿಯನ್ ಲೆನಾರ್ ಮತ್ತು ಸಂಗಡಿಗರು 2015ರ ಕೊರೆತದ ಮರಳನ್ನು ಹೀಗೆ ಪರೀಕ್ಷಿಸಿ 2020ರಲ್ಲಿ ವರದಿ ಮಾಡಿದರು. ಕಳೆದ 62 ಲಕ್ಷ ವರ್ಷಗಳಲ್ಲಿ ಹಿಮಾಲಯದ ಒಟ್ಟಾರೆ ಸವೆತದ ವೇಗ ಹೆಚ್ಚುಕಡಿಮೆ ಒಂದೇ ಸಮನಾಗಿತ್ತು. ಹಿಮಯುಗಗಳು ಬಂದುಹೋದರೂ ದೀರ್ಘಾವಧಿಯ ಸರಾಸರಿ ಬದಲಾಗಲಿಲ್ಲ. ಪರ್ವತವನ್ನು ಒಳಗಿನಿಂದ ತಳ್ಳುವ ಬಲವೇ ಸವೆತದ ದರವನ್ನೂ ನಿರ್ಧರಿಸುತ್ತದೆ ಎಂಬ ಪಕ್ಷಕ್ಕೆ ಇದು ಬಲ ತಂದಿದೆ. ಹಾಗೆಂದು ಮಳೆಗೆ ಪಾತ್ರವಿಲ್ಲವೆಂದಲ್ಲ. ಯಾವ ಕಣಿವೆ ಎಷ್ಟು ಸವೆಯಬೇಕೆಂಬ ಹಂಚಿಕೆಯಲ್ಲಿ ಮಳೆಯ ಕೈವಾಡ ಇದೆಯೆಂಬ ವಾದ ಇನ್ನೂ ಜೀವಂತವಾಗಿದೆ.

ಹವಾಮಾನದ ಕುರುಹು ಹೂಳಿನಲ್ಲಿ ಬೇರೊಂದು ರೂಪದಲ್ಲಿ ಉಳಿದಿದೆ. ಗಿಡಮರಗಳ ಅವಶೇಷದಲ್ಲಿರುವ ಇಂಗಾಲದ ಐಸೋಟೋಪುಗಳ ಪ್ರಮಾಣದಿಂದ ಅವು ಯಾವ ಬಗೆಯ ಸಸ್ಯಗಳೆಂದು ತಿಳಿಯಬಹುದು. ಭತ್ತ ಹಾಗೂ ಬಹುಪಾಲು ಮರಗಳದು ಒಂದು ಬಗೆ. ರಾಗಿ, ಜೋಳ, ಕಬ್ಬು ಮತ್ತು ಉಷ್ಣವಲಯದ ಹುಲ್ಲುಗಳದು ಇನ್ನೊಂದು ಬಗೆ. ಸುಮಾರು 70ರಿಂದ 80 ಲಕ್ಷ ವರ್ಷಗಳ ಹಿಂದೆ ಹಿಮಾಲಯದ ಬುಡದ ಬಯಲುಗಳಲ್ಲಿ ಈ ಎರಡನೆಯ ಬಗೆಯ ಹುಲ್ಲುಗಾವಲು ವ್ಯಾಪಕವಾಯಿತು. ಪಾಕಿಸ್ತಾನದ ಶಿವಾಲಿಕ ಬೆಟ್ಟಗಳ ಪದರಗಳಲ್ಲಿ 1989ರಲ್ಲಿ ಗುರುತಿಸಲಾದ ಈ ಬದಲಾವಣೆ ಬಂಗಾಳ ಬೀಸಣಿಗೆಯ ಹೂಳಿನಲ್ಲಿಯೂ ದೃಢಪಟ್ಟಿತು. ನದಿಗಳು ಕೊಚ್ಚಿ ತಂದ ಎಲೆ, ಮರದ ಚೂರುಗಳು ಕಳೆದ 1.9 ಕೋಟಿ ವರ್ಷಗಳುದ್ದಕ್ಕೂ ಇಲ್ಲಿ ಹೂತುಹೋಗಿವೆ ಎಂದು 2019ರ ಅಧ್ಯಯನವೊಂದು ತೋರಿಸಿದೆ. ಹೂತ ಇಂಗಾಲ ವಾತಾವರಣಕ್ಕೆ ಮರಳುವುದಿಲ್ಲವಾದ್ದರಿಂದ, ಪರ್ವತವೊಂದರ ಸವೆತ ಇಡೀ ಭೂಮಿಯ ಉಷ್ಣತೆಯ ಮೇಲೂ ಪ್ರಭಾವ ಬೀರಬಲ್ಲುದು.

ಪಶ್ಚಿಮ ಹಿಮಾಲಯದ ಕಥೆಯನ್ನು ಸಿಂಧೂ ನದಿ ಅರಬ್ಬಿ ಸಮುದ್ರದಲ್ಲಿ ಬರೆದಿಟ್ಟಿದೆ. ಭಾರತದ ಪಶ್ಚಿಮ ಕರಾವಳಿಯಿಂದ ಸುಮಾರು 475 ಕಿಲೋಮೀಟರ್ ದೂರದಲ್ಲಿ 2015ರಲ್ಲಿಯೇ ನಡೆದ ಕೊರೆತಕ್ಕೆ ಗೋವಾದ ರಾಷ್ಟ್ರೀಯ ಧ್ರುವ ಸಂಶೋಧನಾ ಕೇಂದ್ರದ ಧನಂಜಯ ಪಾಂಡೆಯವರು ಪೀಟರ್ ಕ್ಲಿಫ್ಟ್ ಅವರೊಡನೆ ನೇತೃತ್ವ ವಹಿಸಿದ್ದರು. ಅಲ್ಲಿ ಹಿಮಾಲಯದ ಹೂಳಿನ ನಡುವೆ, ಒಂದು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಭಾರತದ ಅಂಚಿನಿಂದಲೇ ಕುಸಿದು ಬಂದ ಭಾರೀ ರಾಶಿಯೊಂದು ಎದುರಾಯಿತು. ವಿಜ್ಞಾನಿಗಳು ಅದಕ್ಕೆ ‘ನಟರಾಜ’ ಎಂದು ಹೆಸರಿಟ್ಟಿದ್ದಾರೆ.

ಹೂಳಿನ ಮೇಲೆ ನಿಂತ ಬದುಕು

ಇವೆಲ್ಲ ಕೋಟ್ಯಂತರ ವರ್ಷಗಳ ಹಿಂದಿನ ಮಾತಾದರೂ ಅದರ ಕೊನೆಯ ಪದರದ ಮೇಲೆ ಇಂದು 10 ಕೋಟಿಗೂ ಹೆಚ್ಚು ಜನ ಬದುಕುತ್ತಿದ್ದಾರೆ. ಗಂಗಾ-ಬ್ರಹ್ಮಪುತ್ರಾ ಮುಖಜಭೂಮಿ ತನ್ನದೇ ಭಾರಕ್ಕೆ ಕುಸಿಯುತ್ತಿದೆ, ಸಮುದ್ರಮಟ್ಟ ಏರುತ್ತಿದೆ. ನೆಲ ನೀರಿನ ಮೇಲೆ ಉಳಿದಿರುವುದು ಪ್ರತಿವರ್ಷ ಬೀಳುವ ಹೊಸ ಹೂಳಿನಿಂದ. ಹೂಳು ನಿಂತರೆ ಏನಾಗುತ್ತದೆಂಬುದಕ್ಕೆ ಬಾಂಗ್ಲಾದೇಶದ ನೈರುತ್ಯ ಭಾಗದಲ್ಲಿ ಉದಾಹರಣೆಯಿದೆ. 1960ರ ದಶಕದಿಂದ ಅಲ್ಲಿ ಉಬ್ಬರದ ನೀರನ್ನು ತಡೆಯಲು ಮಣ್ಣಿನ ಒಡ್ಡುಗಳನ್ನು ಕಟ್ಟಲಾಯಿತು. ನೀರಿನೊಡನೆ ಹೂಳೂ ಹೊರಗೇ ಉಳಿಯಿತು. ಒಡ್ಡಿನೊಳಗಿನ ನೆಲ ಪಕ್ಕದ ಸುಂದರಬನದ ಕಾಡಿಗಿಂತ ಒಂದರಿಂದ ಒಂದೂವರೆ ಮೀಟರ್ ತಗ್ಗಿಹೋಗಿದೆ ಎಂದು 2015ರ ಅಧ್ಯಯನವೊಂದು ತಿಳಿಸಿತು. 2009ರಲ್ಲಿ ಐಲಾ ಚಂಡಮಾರುತಕ್ಕೆ ಒಡ್ಡು ಒಡೆದಾಗ ತಗ್ಗಾದ ಆ ನೆಲ ಸುಮಾರು ಎರಡು ವರ್ಷ ಉಬ್ಬರದ ಪಾಲಾಯಿತು. ಜನರ ಪಾಡು ಹೇಳತೀರದಾಯಿತು. ಅದೇ ಅವಧಿಯಲ್ಲಿ ಉಬ್ಬರ ತಂದ ಹೂಳು ನೆಲವನ್ನು ಹತ್ತಾರು ಸೆಂಟಿಮೀಟರ್ ಎತ್ತರಿಸಿದ್ದೂ ದಾಖಲಾಗಿದೆ.

ಬ್ರಹ್ಮಪುತ್ರೆಯ ಒಟ್ಟು ಹೂಳಿನಲ್ಲಿ ಸುಮಾರು ಅರ್ಧದಷ್ಟು ನಾಮ್ಚಾ ಬರ್ವಾ ಸುತ್ತಲಿನ ಅತಿ ಸಣ್ಣ ಪ್ರದೇಶದಿಂದಲೇ ಬರುತ್ತದೆಂದು ಕಣಗಳ ಅಧ್ಯಯನಗಳು ಅಂದಾಜಿಸಿವೆ. ಆ ಸೀಮೆ ಎಷ್ಟು ಅಸ್ಥಿರವೆಂಬುದನ್ನು 1950ರ ಆಗಸ್ಟ್ 15ರ ಭೂಕಂಪ ತೋರಿಸಿಕೊಟ್ಟಿತು. 8.6 ತೀವ್ರತೆಯ ಆ ಕಂಪನದಿಂದ ಬೆಟ್ಟಗಳು ಕುಸಿದು, ಆ ಮಣ್ಣು ದಶಕಗಳವರೆಗೆ ಅಲೆಯಂತೆ ನದಿಯಲ್ಲಿ ಸಾಗಿತು. ದಿಬ್ರುಗಢದ ಬಳಿ ನದಿಯ ಪಾತ್ರವೇ ಎತ್ತರವಾಯಿತು. ಇದೇ ತಿರುವಿನಲ್ಲಿ 60,000 ಮೆಗಾವಾಟ್ ಸಾಮರ್ಥ್ಯದ್ದೆಂದು ಹೇಳಲಾದ ಜಲವಿದ್ಯುತ್ ಯೋಜನೆಯ ಕಾಮಗಾರಿಯನ್ನು ಚೀನಾ 2025ರ ಜುಲೈಯಲ್ಲಿ ಆರಂಭಿಸಿದೆ. ಕೆಳಗೆ ಸಿಯಾಂಗ್ ನದಿಗೆ ದೊಡ್ಡ ಅಣೆಕಟ್ಟು ಕಟ್ಟುವ ಪ್ರಸ್ತಾವ ಭಾರತದ್ದೂ ಇದೆ. ಈ ಯೋಜನೆಗಳ ಬಗೆಗಿನ ಚರ್ಚೆ ಬಹುತೇಕ ನೀರಿನ ಪಾಲಿನ ಸುತ್ತಲೇ ನಡೆಯುತ್ತಿದೆ. ಮುಖಜಭೂಮಿಯ ದೃಷ್ಟಿಯಿಂದ ನೋಡಿದರೆ ನೀರಿನಷ್ಟೇ ಮುಖ್ಯವಾದ ಪ್ರಶ್ನೆ ಹೂಳಿನದು.

ಜಾಯ್ಡಿಸ್ ರೆಸಲ್ಯೂಷನ್ ಹಡಗು 2024ರಲ್ಲಿ ತನ್ನ ಕೊನೆಯ ಸಂಶೋಧನಾ ಯಾನವನ್ನು ಮುಗಿಸಿತು. ಅದು ಹಿಂದೂ ಮಹಾಸಾಗರದಿಂದ ಮೇಲೆತ್ತಿದ ಹೂಳಿನ ತುಂಡುಗಳು ಕೋಚಿಯ ಶೀತಲಕೋಠಿಯಲ್ಲಿ ಭದ್ರವಾಗಿವೆ. ಇದು ಕೇರಳದ ಕೊಚ್ಚಿಯಲ್ಲ, ಜಪಾನಿನ ಕೋಚಿ. ಜಗತ್ತಿನ ಸಂಶೋಧಕರು ಈಗಲೂ ಅಲ್ಲಿಂದ ಮಾದರಿಗಳನ್ನು ಪಡೆದು ಹೊಸ ಉಪಕರಣಗಳಿಂದ ಪರೀಕ್ಷಿಸುತ್ತಿದ್ದಾರೆ. ನದಿ ಎಷ್ಟು ಹೂಳನ್ನು ತರುತ್ತಿತ್ತು, ಎಲ್ಲಿಂದ ತರುತ್ತಿತ್ತು ಎಂಬ ಲಕ್ಷಾಂತರ ವರ್ಷಗಳ ಲೆಕ್ಕ ಅವುಗಳಲ್ಲಿದೆ. ಅಣೆಕಟ್ಟು ಕಟ್ಟುವವರಿಗೂ ಮುಖಜಭೂಮಿಯನ್ನು ಕಾಯಬೇಕಾದವರಿಗೂ ಆ ಲೆಕ್ಕ ಇಂದು ಬೇಕಾಗಿದೆ.